ಚಂದ್ರಾಪೀಡನ ಶಾಲೆ, ನಮ್ಮ ಹುಡುಗಿಯರ ಕಾಲೇಜು

ಕಥೆ, ಕವನಗಳಿಗೆ ವಿಮರ್ಶಕರಿದ್ದಾರೆ. ಸರಕಾರ ಹೊರಡಿಸುವ ನೀತಿಗಳನ್ನು ಕೂತು ಓದುವವರು ಕಡಿಮೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಓದುತ್ತಿದ್ದಾಗ ಅದರೊಳಗೆ ನನಗೆ ಬಾಣಭಟ್ಟನ 'ಕಾದಂಬರಿ' ಎದುರಾಯಿತು. ಕಾಲೇಜಿನಲ್ಲಿ ಹಲವು ಜ್ಞಾನಶಾಖೆಗಳು ಕೂಡಿ ಬರಬೇಕು ಎಂಬುದಕ್ಕೆ ನೀತಿ ಅದನ್ನು ಸಾಕ್ಷಿಗೆ ಕರೆದಿದೆ. ಅರವತ್ತನಾಲ್ಕು ಕಲೆಗಳಲ್ಲಿ ಹಾಡು, ಚಿತ್ರಗಳಷ್ಟೇ ಅಲ್ಲ, ಗಣಿತ, ವೈದ್ಯ, ಮರಗೆಲಸವೂ ಇದ್ದವು ಎನ್ನುತ್ತದೆ. ಒಪ್ಪುವ ಮಾತೇ.

ಆದರೆ ಆ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ರಾಜ ತಾರಾಪೀಡ ಮಗ ಚಂದ್ರಾಪೀಡನಿಗಾಗಿ ಊರಾಚೆ ವಿದ್ಯಾಮಂದಿರವನ್ನೇ ಕಟ್ಟಿಸಿದ. ಎಲ್ಲ ವಿದ್ಯೆಗಳಿಗೂ ಬಲ್ಲ ಗುರುಗಳನ್ನು ಕರೆಸಿದ. ನಮ್ಮ ಊರುಗಳ ಕಾಲೇಜಿಗೆ ವಿದ್ಯೆಗಳ ಪಟ್ಟಿ ಬಂತು, ಗುರುಗಳು ಬರಲಿಲ್ಲ.

ಈ ನೀತಿಯ ಪದವಿ ಪದ್ಧತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ, 2021ರಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ವರ್ಷವೇ ಬಿ.ಎ. ಸೇರಿದಳು. "ಇತಿಹಾಸದ ಜೊತೆ ಆಹಾರ ವಿಜ್ಞಾನವನ್ನೂ ಓದಬಹುದಂತೆ ಮಿಸ್" ಎಂದು ಹಿಗ್ಗಿದಳು. ಕಾಲೇಜಿನಲ್ಲಿ ಅದನ್ನು ಕಲಿಸುವವರೇ ಇರಲಿಲ್ಲ. ಯಾವ ಮೇಷ್ಟರಿಗೆ ಬಿಡುವಿತ್ತೋ ಅವರ ವಿಷಯವೇ ಅವಳ 'ಮುಕ್ತ ಆಯ್ಕೆ'ಯಾಯಿತು.

ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್. ನಡುವೆ ಬಿಟ್ಟವರು ಮತ್ತೆ ಬಂದು ಸೇರಬಹುದು ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಹುಡುಗಿಯರಿಗೆ ಹೊರಗೆ ಹೋಗುವ ಬಾಗಿಲು ತೆರೆಯುವಷ್ಟು ಸಲೀಸಾಗಿ ಒಳಗೆ ಬರುವ ಬಾಗಿಲು ತೆರೆಯುವುದಿಲ್ಲ. ಎರಡನೆಯ ವರ್ಷ ಇವಳಿಗೊಂದು ಸಂಬಂಧ ಬಂತು. "ಡಿಪ್ಲೊಮಾ ಸಿಗುತ್ತಲ್ಲ, ಸಾಕು ಬಿಡಿ" ಎಂದರು ತಂದೆ. ತಾಯಿ ಪಟ್ಟು ಹಿಡಿದದ್ದರಿಂದ ಮೂರನೆಯ ವರ್ಷ ಮುಗಿಯಿತು.

ಆ ತಾಯಿ ಮೊದಲು ರವಿಕೆ ಹೊಲಿಯುತ್ತಿದ್ದವರು. ಆಮೇಲೆ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆದರು. ಈಗ ಚಪಾತಿ ಮಾಡಿ ಹೋಟೆಲುಗಳಿಗೆ ಕೊಡುತ್ತಾರೆ. ಇನ್ನು ಮುಂದೆ ಬದುಕಿನುದ್ದಕ್ಕೂ ಒಂದೇ ಕೆಲಸ ಇರದು ಎಂದು ತಜ್ಞರು ಹೇಳುತ್ತಾರೆ. ನಮ್ಮ ಹೆಂಗಸರಿಗೆ ಇದೇನು ಹೊಸತೆ? "ಒಂದು ಕೆಲಸ ಕೈಗೆ ಹತ್ತಿದ್ದರೆ ಇನ್ನೊಂದಕ್ಕೆ ಹೆದರಿಕೆಯಿಲ್ಲ ಟೀಚರೇ" ಎಂದರು ಆಕೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯ ಅರ್ಥ ಇದೇ. ಒಂದನ್ನು ಆಳವಾಗಿ ಕಲಿತವಳಿಗೆ ಎರಡನೆಯದರ ದಾರಿ ಕಾಣುತ್ತದೆ.

ಹಾಗೆಂದು ವಿಷಯಗಳ ನಡುವೆ ಗೋಡೆ ಇರಲಿ ಎನ್ನುವವಳಲ್ಲ ನಾನು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ಶಾಂತವ್ವನ ಕಥೆ ಜನಪದದ್ದು, ಏರಿ-ತೂಬು ಎಂಜಿನಿಯರಿಂಗಿನದು, ಹೂಳು ಭೂಗೋಳದ್ದು, ನೀರಿನ ಹಂಚಿಕೆ ಅರ್ಥಶಾಸ್ತ್ರದ್ದು. ನಾಲ್ವರು ಅಧ್ಯಾಪಕರು ಮಕ್ಕಳೊಡನೆ ಆ ಏರಿಯ ಮೇಲೆ ನಿಂತರೆ ಅಂತರಶಿಸ್ತೀಯ ಎಂಬ ಕಠಿಣ ಪದವೇ ಬೇಕಿಲ್ಲ. ಆದರೆ ನಾಲ್ವರೂ ಇರಬೇಕು. ಅವರಿಗೆ ಪುರುಸೊತ್ತೂ ಇರಬೇಕು.

ಸರಕಾರ ಬದಲಾಯಿತು, 2024-25ರಿಂದ ಕರ್ನಾಟಕ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಮೂರೋ ನಾಲ್ಕೋ ಎಂದು ದೊಡ್ಡವರು ವಾದಿಸಿದರು. ತರಗತಿಗೆ ಯಾರು ಬರುತ್ತಾರೆ ಎಂದು ಕೇಳಿದವರು ಕಡಿಮೆ. ಮಗಳನ್ನು ಕಾಲೇಜಿಗೆ ಸೇರಿಸುವ ತಾಯಂದಿರು ಪಟ್ಟಿಯಲ್ಲಿ ಎಷ್ಟು ವಿಷಯಗಳಿವೆ ಎಂದು ಎಣಿಸಬೇಡಿ. ಅವನ್ನು ಕಲಿಸುವವರು ಎಲ್ಲಿ ಎಂದು ಕೇಳಿ.