ಅಕ್ವೇರಿಯಂಗೆ ಒಗ್ಗುವ ಮರ

ಡ್ರಿಫ್ಟ್‌ವುಡ್, ಎಂದರೆ ನೀರಿನಲ್ಲಿ ಬಹುಕಾಲ ಬಿದ್ದು ಸವೆದ ಬೇರು ಅಥವಾ ಕೊಂಬೆಯ ತುಂಡು, ಅಕ್ವೇರಿಯಂನಲ್ಲಿ ಅಲಂಕಾರವಾಗಿ ಕಂಡರೂ ತನ್ನೊಳಗಿನದನ್ನು ಹಗಲಿರುಳು ನೀರಿಗೆ ಬಿಡುತ್ತಲೇ ಇರುತ್ತದೆ. ಆದ್ದರಿಂದ ಅದರ ಸುರಕ್ಷತೆಯು ಎಷ್ಟು ಹೊತ್ತು ಕುದಿಸಲಾಯಿತು ಎಂಬುದಕ್ಕಿಂತ ಹೆಚ್ಚಾಗಿ ಅದು ಯಾವ ಮರ, ಎಲ್ಲಿ ಬಿದ್ದಿತ್ತು, ಅದರ ಯಾವ ಭಾಗ ಉಳಿದಿದೆ ಎಂಬುದನ್ನು ಅವಲಂಬಿಸಿದೆ. ಆಯ್ಕೆಯಲ್ಲಿ ಆದ ತಪ್ಪನ್ನು ಒಲೆಯ ಮೇಲೆ ತಿದ್ದಲಾಗದು.

ತೊಗಟೆಯೂ ಅದಕ್ಕೆ ತಾಗಿದ ಬಿಳಿಯ ಭಾಗವೂ ಸಕ್ಕರೆ, ಪಿಷ್ಟಗಳನ್ನು ಹೊತ್ತಿರುವುದರಿಂದ ಬೇಗ ಕೊಳೆತು ನೀರಿನ ಆಮ್ಲಜನಕವನ್ನು ಕಬಳಿಸುತ್ತವೆ. ಒಳಗಿನ ಗಟ್ಟಿ ತಿರುಳಾದ ಚೇಗು ಮಾತ್ರ ವರ್ಷಗಟ್ಟಲೆ ತಾಳುತ್ತದೆ. ಉಗುರೊತ್ತಿದರೆ ತಗ್ಗುವ, ಕೆರೆದರೆ ಹಸಿ ಕಾಣುವ, ಮೂಸಿದರೆ ಕೊಳೆತ ಮೊಟ್ಟೆಯಂತೆ ನಾರುವ ತುಂಡನ್ನು ಅಲ್ಲಿಯೇ ಬಿಡಬೇಕು. ರಾಳ ಒಸರುವ ಪೈನ್ ಜಾತಿಯ ಮರಗಳೂ, ಬೇರಿನಿಂದ ಎಲೆಯವರೆಗೆ ವಿಷವೇ ಆಗಿರುವ ಕಣಗಿಲೆಯೂ ಸರ್ವಥಾ ವರ್ಜ್ಯ. ಆಫ್ರಿಕಾದ ದಕ್ಷಿಣ ಭಾಗದಿಂದ ಬರುವ ಮೊಪಾನಿ ಬಹಳ ಸಾಂದ್ರವಾದುದರಿಂದ ಸಾಮಾನ್ಯವಾಗಿ ತಾನಾಗಿಯೇ ಮುಳುಗುತ್ತದೆ ಎಂಬುದು ಅದರ ದೊಡ್ಡ ಗುಣ; ಆದರೆ ಕೀಟನಾಶಕ ಸೋಕದ ಹಿತ್ತಿಲಲ್ಲಿ ಪೂರ್ತಿ ಒಣಗಿದ ಸೀಬೆಯ ಕೊಂಬೆ, ತೊಗಟೆ ಸುಲಿದ ಮೇಲೆ, ಚೆಲುವಿನಲ್ಲಿ ಅದಕ್ಕೇನೂ ಕಡಿಮೆಯಲ್ಲ.

ಮಳೆಗಾಲ ಕಳೆದಾಗ ಕರಾವಳಿಯ ದಡದಲ್ಲಿ ಸಿಗುವ ಮರದ ರೂಪ ಎಂಥವರನ್ನೂ ಸೆಳೆಯುವಂಥದು. ಆದರೂ ಉಪ್ಪು ಅದರ ಎಳೆಎಳೆಗೂ ಇಳಿದಿರುತ್ತದೆ, ಮೇಲಾಗಿ ಅದು ಒಡೆದ ದೋಣಿಯ ಹಲಗೆಯಾಗಿದ್ದರೆ ಬಣ್ಣದಲ್ಲಿ ತಾಮ್ರವಿರುವ ಸಂಭವವುಂಟು. ಅಲ್ಪ ಪ್ರಮಾಣದ ತಾಮ್ರವೂ ಸೀಗಡಿ, ಬಸವನಹುಳುಗಳಿಗೆ ಮಾರಕ. ಮರವನ್ನೇ ಕೆರೆದು ನುಂಗುವ ದಕ್ಷಿಣ ಅಮೆರಿಕದ ಪನಾಕೆ ಕುಲದ ಮೀನುಗಳ ವಿಷಯದಲ್ಲಂತೂ ಮರಕ್ಕೆ ಅಂಟಿದ್ದೆಲ್ಲ ನೇರವಾಗಿ ಹೊಟ್ಟೆಗೇ ಸೇರುತ್ತದೆ. ಕಾಡಿನ ಹೊಳೆಯಿಂದ ಹೊತ್ತು ತರುವುದೂ ಸಲ್ಲದು: 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ತೇಲಿಬಂದ ಮರಕ್ಕೆಂದೇ ಒಂದು ಅಧ್ಯಾಯವಿದೆ, ಅಲ್ಲದೆ ಮುಳುಗಿದ ಕೊಂಬೆಯ ಮರೆಯಲ್ಲಿ ಮರಿಮೀನುಗಳು ಬದುಕುತ್ತವೆ.

ಆಯ್ದ ತುಂಡನ್ನು ಸೋಪು ಮುಟ್ಟಿಸದೆ ಗಡುಸು ಬ್ರಷ್ಷಿನಿಂದ ಉಜ್ಜಿ, ಒಂದೆರಡು ಗಂಟೆ ಕುದಿಸಿ, ಬಳಿಕ ಒಂದೆರಡು ವಾರ ದಿನವೂ ನೀರು ಬದಲಿಸುತ್ತ ನೆನೆಹಾಕಬೇಕು. ಕುದಿತವು ಕೀಟ, ಬಸವನಹುಳುವಿನ ಮೊಟ್ಟೆ ಹಾಗೂ ಬಹುಪಾಲು ಶಿಲೀಂಧ್ರಬೀಜಗಳನ್ನು ಕೊಲ್ಲುತ್ತದೆ. ನೆನೆಯುವಾಗ ರಂಧ್ರಗಳ ಗಾಳಿ ಹೊರಬಿದ್ದು ಮರ ಮುಳುಗುವಷ್ಟು ಭಾರವಾಗುತ್ತದೆ. ದಿನಗಟ್ಟಲೆ ಕುದಿಸುವ ಅತ್ಯುತ್ಸಾಹ ಬೇಡ, ಏಕೆಂದರೆ ಎಳೆಗಳು ಸಡಿಲಗೊಂಡು ಮರ ಬೇಗ ಜೀರ್ಣವಾಗುತ್ತದೆ. ಹೊಸ ಮರದ ಮೇಲೆ ಮೊದಲ ವಾರಗಳಲ್ಲಿ ಕಾಣುವ ಬಿಳಿಯ ಲೋಳೆಯು ಉಳಿದ ಸಕ್ಕರೆಯನ್ನು ತಿನ್ನುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಪದರವಷ್ಟೇ. ಅದು ಮೀನಿಗೆ ನಿರಪಾಯಕಾರಿ, ಸೀಗಡಿಗೆ ಆಹಾರ.

ನೀರು ಚಹಾದ ಬಣ್ಣಕ್ಕೆ ತಿರುಗುವುದು ಟ್ಯಾನಿನ್‌ನಿಂದ, ಅಂದರೆ ಮರದಲ್ಲಿರುವ ಒಗರು ಸತ್ವದಿಂದ. ಅಮೆಜಾನಿನ ಉಪನದಿ ರಿಯೊ ನೆಗ್ರೊದ ಕಪ್ಪು ನೀರಿಗೂ ಕೊಳೆತ ಎಲೆಮರಗಳಿಂದ ಬರುವ ಇಂಥದೇ ಪದಾರ್ಥಗಳು ಕಾರಣವಾಗಿದ್ದು, ಕಾರ್ಡಿನಲ್ ಟೆಟ್ರಾದಂಥ ಅಲ್ಲಿನ ಮೀನುಗಳಿಗೆ ಅದೇ ತವರಿನ ನೀರು. ಅದನ್ನು ಕೊಳೆಯೆಂದು ಭಾವಿಸಿ ಪೂರ್ತಿ ತೊಳೆದುಹಾಕುವುದು ಅನಗತ್ಯ. ಆದರೆ ಟ್ಯಾನಿನ್ ನೀರನ್ನು ತುಸು ಆಮ್ಲೀಯಗೊಳಿಸುತ್ತದೆ. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ಲವಣಗಳು ಆ ಪರಿಣಾಮವನ್ನು ತಡೆಯುತ್ತವೆ, ಮಳೆನೀರು ತುಂಬಿದ ತೊಟ್ಟಿಯಲ್ಲಿ ಅಂಥ ತಡೆಯಿಲ್ಲ. ಅಲ್ಲಿ ಮರವಿಟ್ಟ ಮೊದಲ ತಿಂಗಳು ವಾರಕ್ಕೊಮ್ಮೆಯಾದರೂ ಪಿಎಚ್ ಅಳೆದು, ಅದು ಇಳಿಯುತ್ತಿದ್ದರೆ ಭಾಗಶಃ ನೀರು ಬದಲಿಸಬೇಕು.