ಅಪ್ಪನ ಪ್ರೀತಿ, ಲಿಂಗಸುಗೂರಿನ ದಂಡು

ಮೆಡೋಸ್ ಟೇಲರ್ ತೀರಿಕೊಂಡ ಮರುವರ್ಷ, 1877ರಲ್ಲಿ, ಅವನ ಮಗಳು ಹೊರತಂದ ಆತ್ಮಕಥೆ ‘ಸ್ಟೋರಿ ಆಫ್ ಮೈ ಲೈಫ್’. ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಗ್ಗೆ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಎಳೆಯ ದೊರೆ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1841ರಿಂದ 1853ರವರೆಗೆ ಇಂಗ್ಲಿಷ್ ಅಧಿಕಾರಿಯಾಗಿ ಸುರಪುರದಲ್ಲಿದ್ದ ಟೇಲರನ ಅಕ್ಕರೆ ನಿಜವಾದದ್ದೇ. ಆ ಪುಟಗಳಲ್ಲಿ ನಟನೆಯ ವಾಸನೆ ಇಲ್ಲ.

ಆದರೆ ಕೃಷ್ಣೆಯ ಈಚೆ ದಡದಲ್ಲಿ, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಸೀಮೆಯಲ್ಲಿ ಕುಳಿತು ಓದಿದರೆ ಇದೇ ಪುಸ್ತಕ ಬೇರೆಯಾಗಿ ಕಾಣುತ್ತದೆ. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಇತ್ತು. ಸಂಬಳ ನಿಜಾಮನ ಬೊಕ್ಕಸದ್ದು, ಹುಕುಂ ಇಂಗ್ಲಿಷ್ ಅಧಿಕಾರಿಗಳದ್ದು. ಈ ಸೈನ್ಯದ ಖರ್ಚಿನ ಬಾಕಿಯನ್ನೇ ಮುಂದೆ ಮಾಡಿ ಈಸ್ಟ್ ಇಂಡಿಯಾ ಕಂಪನಿ 1853ರಲ್ಲಿ ನಿಜಾಮನಿಂದ ಬೇರಾರ್, ಧಾರಾಶಿವ ಮತ್ತು ರಾಯಚೂರು ದೋಆಬನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಹಾಗೆ ಬಂದ ನಳದುರ್ಗ ಸೀಮೆಯ ಆಡಳಿತ ಟೇಲರನ ಪಾಲಿಗೆ ಬಂತು. ತನ್ನ ದುಡಿಮೆಯನ್ನು ಅವನು ವಿಸ್ತಾರವಾಗಿ ಬರೆಯುತ್ತಾನೆ. ನೆರೆಯ ನಾಡು ಸಾಲದ ಲೆಕ್ಕದಲ್ಲಿ ಕೈಬದಲಾದದ್ದನ್ನು ಕಂಡ ಸುರಪುರಕ್ಕೆ ಏನನ್ನಿಸಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ನನ್ನ ದೊಡ್ಡ ತಕರಾರು ಇದೇ. ಮುಂದೆ ದೊರೆ ಬಂಡೆದ್ದದ್ದರ ಕಾರಣಗಳೆಲ್ಲ ಅವನ ಪುಸ್ತಕದಲ್ಲೇ ಚದುರಿ ಬಿದ್ದಿವೆ, ಅವನು ಅವನ್ನು ಜೋಡಿಸುವುದಿಲ್ಲ. 1858ರ ಫೆಬ್ರವರಿಯಲ್ಲಿ ಲಿಂಗಸುಗೂರಿನ ಪಡೆ ಸುರಪುರದ ಮೇಲೆ ಹೋದಾಗ, ಬಂಡಾಯ ಅವನಿಗೆ ದಾರಿ ತಪ್ಪಿದ ಮಗನ ದುಡುಕಾಗಿ ಕಾಣುತ್ತದೆ.

ದೊರೆಯ ತಾಯಿ ರಾಣಿ ಈಶ್ವರಮ್ಮನ ಚಿತ್ರಣದಲ್ಲಂತೂ ಅನ್ಯಾಯ ಎದ್ದು ಕಾಣುತ್ತದೆ. ಅಧಿಕಾರ ಬಿಟ್ಟುಕೊಡಲು ಒಪ್ಪದ ವಿಧವೆಯ ನಡತೆಯನ್ನು ಅವನು ಮತ್ತೆ ಮತ್ತೆ ಹಳಿಯುತ್ತಾನೆ. ತನ್ನ ಮನೆತನದ ರಾಜ್ಯವನ್ನು ಪರದೇಶದವನೊಬ್ಬ ನಡೆಸುವಾಗ ಆಕೆ ಯಾಕೆ ಸುಮ್ಮನಿರಬೇಕಿತ್ತು?

ಟೇಲರ್ ಕಾದಂಬರಿಕಾರ ಎಂಬುದನ್ನೂ ಮರೆಯಬಾರದು. ‘ಕನ್ಫೆಷನ್ಸ್ ಆಫ್ ಎ ಥಗ್’ ಅವನದೇ. ಇಪ್ಪತ್ನಾಲ್ಕನೇ ವಯಸ್ಸಿಗೆ ಸಾವು ಎಂಬ ಜಾತಕದ ಮಾತನ್ನು ಮೊದಲೇ ಹೇಳಿಟ್ಟು, ಬಂಡಾಯ ಮುರಿದ ಮೇಲೆ ಸೆರೆಯಾಳಾಗಿ ಸಾಗಿಸುವಾಗ ದೊರೆ ಕಾವಲು ಅಧಿಕಾರಿಯ ಪಿಸ್ತೂಲಿನಿಂದ ಸತ್ತ ಕಥೆಯನ್ನು ಅದಕ್ಕೆ ಹೊಂದಿಸುತ್ತಾನೆ. ಆ ಸಾವನ್ನು ಅವನು ಕಣ್ಣಾರೆ ಕಂಡವನಲ್ಲ. ವಿಧಿಯ ಆಟವಾಗಿಬಿಟ್ಟರೆ ಸೆರೆಯಲ್ಲಿಟ್ಟವರ ಹೊಣೆ ತಾನಾಗಿ ಹಗುರಾಗುತ್ತದೆ. ಅದು ಆತ್ಮಹತ್ಯೆಯಲ್ಲ, ಕೊಲೆ ಎನ್ನುವ ಮಾತು ಈ ಸೀಮೆಯಲ್ಲಿ ಇಂದಿಗೂ ಉಂಟು.

ಇಷ್ಟಿದ್ದೂ ಈ ಪುಸ್ತಕವನ್ನು ನಮ್ಮವರು ಓದಲೇಬೇಕು, ಹೈದರಾಬಾದಿನ ಸೆರೆಯಲ್ಲಿದ್ದ ದೊರೆಯನ್ನು ಟೇಲರ್ ಕಂಡ ಭೇಟಿಗಾಗಿಯಾದರೂ. ಅಲ್ಲಿ ದೊರೆ, ಕಳ್ಳನಂತೆ ನನ್ನನ್ನು ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಕೇಳುತ್ತಾನೆ. ಟೇಲರ್ ಅದನ್ನು ಮುಚ್ಚಿಡದೆ ಬರೆದಿದ್ದಾನೆ. ಯಾರದೋ ಮಾತು ಕೇಳಿ ಕೆಟ್ಟ ಹುಡುಗನಲ್ಲ, ತಾನು ಯಾಕೆ ಸಾಯುತ್ತಿದ್ದೇನೆ ಎಂದು ಬಲ್ಲ ದೊರೆ ಆ ಪುಟದಲ್ಲಿ ನಿಂತಿದ್ದಾನೆ. ‘ಅಪ್ಪ’ನ ಉಳಿದ ವಾದವನ್ನೆಲ್ಲ ಆ ಒಂದು ಪುಟವೇ ಅಲ್ಲಗಳೆಯುತ್ತದೆ.