ಹಿಂಗಾರಿಯ ಮೂಲಂಗಿ

ಹಲಸಂಗಿ ಸೀಮೆಯ ಎರಿಭೂಮಿಗೆ ಹೆಸರು ಬಂದದ್ದು ಬಿಳಿಜೋಳದಿಂದ. ಮೂಲಂಗಿಯನ್ನು ಅಲ್ಲಿ ಯಾರೂ ದೊಡ್ಡ ಬೆಳೆಯೆಂದು ಎಣಿಸುವುದಿಲ್ಲ. ಆದರೂ ಆ ನೆಲದ ಊಟದಲ್ಲಿ ಜೋಳದ ರೊಟ್ಟಿಗೆ ತಕ್ಕ ಜೊತೆ ಯಾವುದು ಎಂದು ಕೇಳಿದರೆ, ನಾನು ಎಣಗಾಯಿಗಿಂತ ಮೊದಲು ಹಸಿ ಮೂಲಂಗಿಯ ಹೆಸರನ್ನೇ ಹೇಳುತ್ತೇನೆ.

ಎರಿ ಮಣ್ಣು ಗಡ್ಡೆಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರಲ್ಲಿ ಹೆಂಟೆ ಉಳಿದರೆ, ಇಲ್ಲವೆ ಹಸಿ ಗೊಬ್ಬರ ಬಿದ್ದರೆ, ಬೇರು ಕವಲೊಡೆಯುತ್ತದೆ. ಅದಕ್ಕೇ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ, ಮಣ್ಣು ಹುಡಿಯಾಗುವಂತೆ ಮಾಡಿ, ಏರು ಮಡಿ ಕಟ್ಟಿ ಬೀಜ ಊರಬೇಕು. ನಾಲ್ಕೆಲೆ ಬಂದಾಗ ಒತ್ತಾದ ಸಸಿಗಳನ್ನು ಕಿತ್ತು ಗೇಣಿಗೆರಡರಂತೆ ಬಿಡಬೇಕು. ಕಿತ್ತವು ವ್ಯರ್ಥವಲ್ಲ, ಅಂದಿನ ಪಲ್ಯಕ್ಕಾಗುತ್ತವೆ. ನೀರು ಮಾತ್ರ ಹದವಾಗಿ ಕೊಡುತ್ತಿರಬೇಕು. ಒಣಗಗೊಟ್ಟು ಒಮ್ಮೆಲೇ ಹರಿಸಿದರೆ ಗಡ್ಡೆ ಸೀಳುತ್ತದೆ.

ಸೀಗಿ ಹುಣ್ಣಿಮೆಗೆ ಊರಿದ ಬೀಜ ಛಟ್ಟಿ ಅಮಾವಾಸ್ಯೆಗೆ ಕೈಗೆ ಬರುತ್ತದೆ. ಪೂಸಾ ಚೇತಕಿ ತಳಿಗೆ ಬೇಸಿಗೆಯೂ ನಡೆಯುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ನಿಶಾಂತ್ 50–55 ದಿನದ್ದು, ಬೇಗ ಬೆಂಡಾಗುವುದಿಲ್ಲ. ಆದರೆ ರುಚಿಗೆ ತಳಿಗಿಂತ ಚಳಿ ಮುಖ್ಯ. ಬಿಸಿಲು ಹೆಚ್ಚಾದಷ್ಟೂ ಖಾರವೇರುತ್ತದೆ, ಚಳಿಯಲ್ಲಿ ಅದರ ಮೇಲೆ ಒಂದು ಸಿಹಿ ಕೂಡುತ್ತದೆ.

ಆ ಖಾರ ಗಡ್ಡೆಯಲ್ಲಿ ಸಿದ್ಧವಾಗಿ ಕುಳಿತಿರುವುದಿಲ್ಲ ಎಂಬುದೇ ಸೊಗಸು. ಹಲ್ಲು ತಾಗಿ ಜೀವಕೋಶ ಒಡೆದಾಗ, ಬೇರೆ ಬೇರೆಯಾಗಿದ್ದ ಗಂಧಕದ ಸಂಯುಕ್ತವೂ ಕಿಣ್ವವೂ ಕೂಡಿ ಅದು ಹುಟ್ಟುತ್ತದೆ. ಮೊದಲು ಕರುಂ ಎನ್ನುವ ನೀರು, ಆಮೇಲೆ ತುಸು ಸಿಹಿ, ಕೊನೆಗೆ ಮೂಗಿಗೇರುವ ಘಾಟು. ಖಾರ ಸಿಪ್ಪೆಯಲ್ಲೇ ಹೆಚ್ಚು. ಸಿಪ್ಪೆ ಹೆರೆದು ತಿನ್ನುವವರಿಗೆ ಈ ಮೂರನೆಯ ಘಟ್ಟ ಅರ್ಧದಷ್ಟೂ ಸಿಗುವುದಿಲ್ಲ. ಬಿಸಿ ರೊಟ್ಟಿ, ಸೇಂಗಾ ಹಿಂಡಿ, ಅದರ ಮೇಲೆ ಕೆನೆಮೊಸರು, ಬದಿಗೆ ಹಕ್ಕರಕಿ ತಪ್ಪಲ, ನಡುನಡುವೆ ಒಂದು ಮೂಲಂಗಿ ಕಡಿತ: ಇದಕ್ಕಿಂತ ಹೆಚ್ಚಿನ ಅಡುಗೆ ಬೇಡ.

ಈ ರೊಟ್ಟಿಯ ಹಿಟ್ಟು ಬೀಸುತ್ತ ಹೆಣ್ಣುಮಕ್ಕಳು ಹಾಡಿಕೊಂಡ ಹಾಡುಗಳನ್ನೇ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಕೂಡಿಸಿದರು. ಆ ಸಂಗ್ರಹ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ದಿನದ ದುಡಿಮೆಯ ನಡುವೆಯೇ ರಸವಿದೆ ಎಂದು ಕನ್ನಡಕ್ಕೆ ತೋರಿದ ಊರಿನಲ್ಲಿ ಹಿತ್ತಲಿನ ಗಡ್ಡೆಯನ್ನು ಕೊಂಡಾಡುವುದು ಅತಿಯಲ್ಲ.

ಇನ್ನು ಮೂಲಂಗಿ ಕಾಯಿಯ ಮಾತು. ಕೆಲವು ಗಿಡಗಳನ್ನು ಕೀಳದೆ ಬಿಟ್ಟರೆ ನಡುವಿನಿಂದ ದಂಟು ಎದ್ದು ಬಿಳಿ, ತಿಳಿನೇರಳೆಯ ನಾಲ್ಕೆಸಳಿನ ಹೂ ಬಿಡುತ್ತದೆ, ಜೇನುನೊಣಗಳು ಮುತ್ತುತ್ತವೆ. ಹಿಂದೆಯೇ ಚೂಪು ತುದಿಯ ಎಳೆ ಕಾಯಿ. ಗಡಿಯಾಚೆಯ ಮರಾಠಿಗರು ಇದನ್ನು ಡಿಂಗರಿ ಎಂದು ಪ್ರೀತಿಯಿಂದ ತಿನ್ನುತ್ತಾರೆ. ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ ಸೇಂಗಾ ಪುಡಿ ಉದುರಿಸಿದರೆ ಪಲ್ಯವಾಯಿತು. ಗಡ್ಡೆಯ ಘಾಟೇ ಇಲ್ಲಿ ಹಗುರಾಗಿ, ಹಸಿರು ವಾಸನೆಯೊಂದಿಗೆ ಬರುತ್ತದೆ.

ಹಿತ್ತಲಿದ್ದವರು ಈ ಹಿಂಗಾರಿಯಲ್ಲಿ ನಾಲ್ಕು ಗಿಡವನ್ನಾದರೂ ಕೀಳದೆ ಬಿಡಿ. ಎರಡರ ಕಾಯಿ ಎಳೆಯದಿದ್ದಾಗಲೇ ಪಲ್ಯಕ್ಕೆ ಕೊಯ್ಯಿರಿ, ಉಳಿದೆರಡನ್ನು ಮುಂದಿನ ವರ್ಷದ ಬೀಜಕ್ಕೆ ಒಣಗಲು ಬಿಡಿ.